ಅಮೈದಿ

ಕಿಳಿನೊಚ್ಚಿ

ವಿಜೇಕೋನ್ ಮಹತ್ತಯ ಅವರಿಗೆ ವಣಕ್ಕಂ.

ತಮಿಳರನ್ನೂ ಸಿಂಹಳರನ್ನೂ ಸೇರಿಸಿ ನೀವು ನಡೆಸುತ್ತಿರುವ ಯುವ ಶಾಂತಿ ಶಿಬಿರದಲ್ಲಿ ನಾನೂ ಇದ್ದೇನೆ. ಯುದ್ಧ ಮುಗಿಯಿತು, ಇನ್ನು ನಾಡು ಕಟ್ಟುವವರು ನೀವೇ, ಧೈರ್ಯವಾಗಿ ಮಾತಾಡಿ ಎಂದಿರಿ. ಮಾತಾಡಿದೆ. ಸೈನ್ಯಕ್ಕೆ ಶರಣಾದ ನನ್ನ ಅಣ್ಣ ಎಲ್ಲಿ ಎಂದು ಕೇಳಿದೆ. "ಕೂತ್ಕೋ ಹುಡುಗಿ, ಅಮೈದಿ, ಅಮೈದಿ!" ಎಂದು ಗದರಿದಿರಿ.

ನಿಮಗೆ ಬರುವ ಒಂದೇ ತಮಿಳು ಪದ ಅದು. ನಮ್ಮಲ್ಲಿ ಅದಕ್ಕೆ ಶಾಂತಿ ಎಂದೂ ಅರ್ಥ, ಸದ್ದಿಲ್ಲದೆ ಇರು ಎಂದೂ ಅರ್ಥ. ಶಿಬಿರದ ಗೋಡೆಯ ಮೇಲೆ ಅದನ್ನೇ ಬರೆಯಿರಿ ಎಂದಿರಲ್ಲ, ಯಾವ ಅರ್ಥದಲ್ಲಿ ಬರೆಯಲಿ?

ಊಟದ ಹೊತ್ತಿಗೆ ಸಿಂಹಳರ ಹುಡುಗ ಇಸುರು ಪಕ್ಕದಲ್ಲಿ ಬಂದು ಕೂತ. "ನಮ್ಮಣ್ಣ ಸೈನ್ಯದಲ್ಲಿದ್ದ. ಹೆಣಾನೂ ಸಿಗಲಿಲ್ಲ. ಅಮ್ಮ ಇನ್ನೂ ಅವನ ತಟ್ಟೆ ಇಡ್ತಾಳೆ. ನೀನು ಕೇಳಿದ್ದನ್ನ ತಮಿಳಲ್ಲಿ ಬರೆಯೋದು ಕಲಿಸಿಕೊಡು ಅಕ್ಕಾ," ಅಂದ.

ಗೋಡೆಯ ಮೇಲೆ ಈಗ "ನನ್ನ ಅಣ್ಣ ಎಲ್ಲಿ?" ಎಂದು ಎರಡು ಸಲ ಇದೆ. ತಮಿಳಿನದು ಇಸುರು ಬರೆದದ್ದು, ಸಿಂಹಳದ್ದು ನಾನು ಬರೆದದ್ದು. ಕಾಗುಣಿತ ಇಬ್ಬರದೂ ತಪ್ಪಿದೆ.

ಮಂತ್ರಿಗಳು ಬರುವ ಮೊದಲು ಸುಣ್ಣ ಹೊಡೆಸುತ್ತೀರಂತೆ. ಹೊಡೆಸಿ, ಬಣ್ಣ ಇನ್ನೂ ಉಳಿದಿದೆ. ಕುಂಚ ಮಾತ್ರ ಸಾಲುತ್ತಿಲ್ಲ, ಉಳಿದವರೂ ಕೇಳುತ್ತಿದ್ದಾರೆ. ದಯವಿಟ್ಟು ಕಳುಹಿಸಿಕೊಡಿ.

ಇತಿ,
ಸುಮ್ಮನಿರಲಾರದ
ಯಾಳಿನಿ