ಎರಡನೇ ಸಾಲಿಗೆ ಬೆರಳಿಟ್ಟಳು

ನವರಂಗಪುರ, ಅಹಮದಾಬಾದ್
14 ಮಾರ್ಚ್ 1997

ಸೂರತ್‌ನಲ್ಲಿ ಸಂಸಾರ ಮಾಡಿಕೊಂಡಿರುವ ನನ್ನ ಹಿರಿಮಗಳು ಅಕ್ಷತಾಳಿಗೆ ಅಮ್ಮನ ಆಶೀರ್ವಾದ.

ನಿನ್ನೆ ವಡೋದರಾಕ್ಕೆ ಹೋಗಿ ಬಂದೆ. ಅಲ್ಲಿ ನಿನ್ನ ತಂಗಿ ಮನಸ್ವಿನಿ ಓದುವ ಪ್ರಯೋಗಾಲಯದಲ್ಲಿ ಎರಡು ವಿಧಾನಗಳಲ್ಲಿ ಯಾವುದು ಮೇಲೆಂದು ತೀರ್ಮಾನವಾಗುವ ದಿನ ಅದು. ಅವಳಿಗೆ ನಾನು ಮೊದಲೇ ಹೇಳಿದ್ದೆ: ಈ ಸಲ ನಿನ್ನದು ಗೆಲ್ಲದಿದ್ದರೆ ಓದಿದ್ದು ಸಾಕು, ಬಂದು ನಮ್ಮ ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತುಕೋ. ನನ್ನ ಮಾತೆಂದರೆ ಮಾತು.

ಅವಳ ಕೆಲಸ ನನಗೆ ತಿಳಿದಷ್ಟು ಬರೆಯುತ್ತೇನೆ. ತಪ್ಪಿದ್ದರೆ ನಿಮ್ಮೂರ ಪಕ್ಕದ ಸಚಿನ್ ಊರಿನ ಬಣ್ಣದ ಕಾರ್ಖಾನೆಯಲ್ಲಿರುವ ಅಳಿಯಂದಿರು ತಿದ್ದಲಿ. ಜೀವಕೋಶದಲ್ಲಿ ಕೆಲಸ ಮುಗಿದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಅಂಟುತ್ತದೆ. ಅಂಟಿದ್ದನ್ನು ಕೋಶ ಒಡೆದುಹಾಕುತ್ತದೆ. ಒಡೆಯುವ ಮುಂಚೆ ಅಂಥವನ್ನು ಮಾತ್ರ ಹಿಡಿದು ಬೇರ್ಪಡಿಸಬೇಕು. ನಮ್ಮ ಮನು ಯುಬಿಕ್ವಿಟಿನ್ನಿಗೆ ಅಂಟುವ ಆ್ಯಂಟಿಬಾಡಿ ಹಾಕಿ ಹಿಡಿಯುತ್ತಾಳೆ. ಅವಳ ಜೊತೆಗಾರ ಜಯತೀರ್ಥ ಯುಬಿಕ್ವಿಟಿನ್ನಿಗೇ ಒಂದು ಬಾಲ ಕಟ್ಟಿ, ಕಡು ದ್ರಾವಣದಲ್ಲಿ ತಗುಲಿಕೊಂಡದ್ದನ್ನೆಲ್ಲ ಬಿಡಿಸಿ, ಆ ಬಾಲವನ್ನು ನಿಕಲ್ ಮಣಿಗಳಿಗೆ ಅಂಟಿಸುತ್ತಾನೆ. ಬೇಡದ ಪ್ರೋಟೀನು ಜೊತೆಗೆ ಬಂದರೆ, ಆಮೇಲೆ ತೆಗೆಯುವ ಎಕ್ಸ್‌ರೇ ಫಿಲ್ಮಿನಲ್ಲಿ ಕಪ್ಪು ಗೆರೆ ಬೀಳುತ್ತದಂತೆ.

ಮನು ಏನು ಮಾಡಿದ್ದಳು ಗೊತ್ತೇ? ನಮ್ಮಲ್ಲಿ ಇಬ್ಬರು ಭಟ್ಟರು ಸಾಂಬಾರು ಮಾಡಿದ ದಿನ ಹೆಸರು ಹೇಳದೆ, ಬಟ್ಟಲಿಗೆ ಅಂಕೆ ಹಾಕಿ ನಿಮ್ಮಪ್ಪನಿಗೆ ರುಚಿ ನೋಡಲು ಕೊಡುತ್ತೇವಲ್ಲ, ಹಾಗೆಯೇ ಬೇರೊಬ್ಬ ಹುಡುಗಿಯಿಂದ ಟ್ಯೂಬುಗಳಿಗೆ ಅಂಕೆ ಹಾಕಿಸಿದ್ದಳು. ಯಾವುದು ಯಾರದೆಂದು ಅವಳಿಗೇ ಗೊತ್ತಿಲ್ಲ!

"ಎಂತ ಹುಚ್ಚು ನಿಂದು?" ಎಂದು ಬೈದೆ.

"ಹೊಟೇಲಿಗೊಂದು ನ್ಯಾಯ, ನಂಗೊಂದಾ ಅಮ್ಮ?" ಎಂದಳು.

ಅವರ ಪ್ರೊಫೆಸರರು ಫಿಲ್ಮನ್ನು ಬೆಳಕಿಗೆ ಹಿಡಿದರು. ಒಂದೊಂದು ಟ್ಯೂಬಿಗೆ ಒಂದೊಂದು ಸಾಲು; ಒಂದನೇ ಸಾಲಿನಲ್ಲಿ ಕಪ್ಪು ಗೆರೆ. ಎರಡನೆಯದು ಸ್ವಚ್ಛ. ಎಲ್ಲರಿಗಿಂತ ಮೊದಲು ಮನುವೇ ಅದಕ್ಕೆ ಬೆರಳಿಟ್ಟು, "ಇದೇ! ಎಷ್ಟು ಚೊಕ್ಕ ಬಂದಿದೆ ನೋಡಿ!" ಎಂದು ಕೂಗಿದಳು. ನಾನೂ ಚಪ್ಪಾಳೆ ಹೊಡೆದೆ. ಆಮೇಲೆ ಅಂಕೆ ಹಾಕಿದ ಹುಡುಗಿ ಬಾಯಿಬಿಟ್ಟಳು: ಅದು ಜಯತೀರ್ಥನದು.

"ಸೋತೆಯಲ್ಲ ಮಾರಾಯ್ತಿ!" ಎಂದೆ.

"ಸೋತದ್ದಲ್ಲ ಅಮ್ಮ! ಇನ್ನು ಹಿಡಿದದ್ದೆಲ್ಲ ನಿಜದ್ದೇ. ನಾಳೆಯಿಂದ ನಾನೂ ಹೀಗೇ ಮಾಡುವುದು," ಎಂದು ಪ್ರೊಫೆಸರರ ಎದುರೇ ನನ್ನ ಕೈ ಹಿಡಿದು ಕುಣಿದಳು. ಗೆದ್ದ ಜಯತೀರ್ಥ, ಪಾಪ, ತಬ್ಬಿಬ್ಬಾಗಿ ನಿಂತಿದ್ದ. ಅಷ್ಟರಲ್ಲಿ ನನ್ನ ಷರತ್ತು ನೆನಪಾಯಿತೇನೋ, ಮನು ಕೈ ಬಿಟ್ಟಳು. ನಾನೂ ಆ ಮಾತೆತ್ತಲಿಲ್ಲ. ಬಸ್ಸು ಹತ್ತಿದೆ. ಅಕ್ಷತಾ, ಅಂಥ ಖುಷಿಯ ಮುಖ ನಾನು ಯಾರಲ್ಲೂ ಕಂಡಿಲ್ಲ.

ನಿನ್ನ ಅಮ್ಮ,
ರಮಾಮಣಿ

ತಾ.ಕ.: ನಿಮ್ಮಪ್ಪನಿಗೂ ಹೊಟೇಲಿನವರಿಗೂ ಎರಡನೇ ಸಾಲು ಮನುವಿನದೆಂದೇ ಹೇಳಿದ್ದೇನೆ. ಗೆದ್ದವಳನ್ನು ವಾಪಸು ಕರೆಯುವ ಪ್ರಶ್ನೆಯೇ ಇಲ್ಲವಲ್ಲ. ಫೋನಿನಲ್ಲಿ ಬಾಯಿ ತಪ್ಪೀಯೆ, ಜೋಕೆ.