ಪೆಲಿಕನ್ ಕ್ಲಬ್ಬಿನ ಹಾಡು

ಫುಟ್ಸ್‌ಕ್ರೇ, ಮೆಲ್ಬರ್ನ್
ಭಾನುವಾರ ಸಂಜೆ, ೧೭ ಆಗಸ್ಟ್ ೨೦೨೫

ನನ್ನ ಮುದ್ದು ಕ್ರೇಗ್,

ಹೇಗಿದ್ದೀಯೋ? ಡಾರ್ವಿನ್ನಿನ ಬಿಸಿಲಿಗೆ ಸುಲಿದ ಮೂಗು ಮಾಯಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯ ತಾನೇ? ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದರ ಮಾತು ಬಿಡು. ಫೋನಿನಲ್ಲಿ ಹೇಳಿದರೆ ನಡುನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ತಂಗಿ ಟೇಗನ್ ಗೊತ್ತಲ್ಲ, ಹಿಡಿದರೆ ಬಿಡುವವಳಲ್ಲ. ಅಪ್ಪನನ್ನು ಮನೆಯಲ್ಲಿ ಕೂಡಿಹಾಕಿದ್ದೀಯ ಎಂದು ನನ್ನನ್ನು ಬೈದು ಬೈದು, ಇವತ್ತು ಇಬ್ಬರನ್ನೂ ಸಿಟಿಯ ಕೆಫೆಯೊಂದಕ್ಕೆ ಬ್ರಂಚ್‌ಗೆ ಎಳೆದೊಯ್ದಳು. ಹನ್ನೊಂದು ಗಂಟೆಗೆ ಮೊಟ್ಟೆ! ತಿಂಡಿಯೂ ಅಲ್ಲ, ಊಟವೂ ಅಲ್ಲ. ಟೋಸ್ಟಿನ ಮೇಲೆ ಯಾವುದೋ ಹೂವು ಬೇರೆ. ನಿನ್ನಪ್ಪ ಅದನ್ನು ಎತ್ತಿ ನನ್ನ ತಟ್ಟೆಗೆ ಹಾಕಿದ. ಮಾರ್ಚ್‌ನಲ್ಲಿ ಪಾರ್ಶ್ವವಾಯು ಹೊಡೆದ ಮೇಲೆ ಅವನ ಬಾಯಲ್ಲಿ ಉಳಿದಿರುವುದು ‘ಸರಿ’ ಒಂದೇ. ಹಸಿವಾದರೂ ಸರಿ, ಸಿಟ್ಟು ಬಂದರೂ ಸರಿ. ನೀನೂ ಅದನ್ನು ಕೇಳಲಾರದೆ ಏಪ್ರಿಲ್‌ನಿಂದ ಅವನೊಡನೆ ಫೋನಿನಲ್ಲಿ ಮಾತು ಬಿಟ್ಟೆ. ಕಾಫಿ ತಂದಾಕೆ ಇನ್ನೇನು ಬೇಕೆಂದು ಮೂರು ಸಲ ಕೇಳಿದಳು, ಮೂರು ಸಲವೂ ‘ಸರಿ’. ಟೇಗನ್ ತಲೆ ತಗ್ಗಿಸಿದಳು. ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು ನನಗೆ.

ಅಷ್ಟರಲ್ಲಿ ಮೂಲೆಯ ಬ್ಯಾಂಡಿನವರು ಹಳೆಯ ರಾಗವೊಂದನ್ನು ಎತ್ತಿದರು. ನಮ್ಮ ಫುಟ್‌ಬಾಲ್ ಕ್ಲಬ್‌ಗಳು ಇಂಥ ರಾಗಗಳನ್ನೇ ಕದ್ದು ತಮ್ಮ ಪದ ತುಂಬಿಕೊಂಡಿವೆಯಲ್ಲ, ಇದು ನಿನ್ನಪ್ಪ ಆಡುತ್ತಿದ್ದ ನಮ್ಮ ಪೆಲಿಕನ್ ಕ್ಲಬ್ಬಿನ ರಾಗ! ಕೆಫೆಯವರೆಲ್ಲ ಅದೇ ರಾಗದ ಯಾವುದೋ ಪ್ರೇಮಗೀತೆ ಗುನುಗುತ್ತಿದ್ದರು. ನಿನ್ನಪ್ಪ ಮೇಜು ಹಿಡಿದು ಎದ್ದು ನಿಂತ.

“ಕೊಕ್ಕೆತ್ಕೊಂಡ್ ಬಂದ್ವಿ, ದಾರಿ ಬಿಡ್ರೋ, ಕೆಸರೇ ನಮ್ಮಂಗಿ ಕಣ್ರೋ!”

ಪೂರ್ತಿ ಹಾಡು, ಕ್ರೇಗ್. ಒಂದು ಪದ ತಪ್ಪಲಿಲ್ಲ. ಪಂದ್ಯ ಗೆದ್ದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹೆಗಲಿಗೆ ಹೆಗಲು ಸೇರಿಸಿ ಹಾಡುತ್ತಿದ್ದನಲ್ಲ, ಹಾಗೆಯೇ ಪಕ್ಕದ ಮೇಜಿನ ಗಡ್ಡದವನ ಹೆಗಲಿಗೆ ಕೈ ಹಾಕಿಬಿಟ್ಟ. ಟ್ರಂಪೆಟ್‌ನವನು ನಿಲ್ಲಿಸದೆ ಇನ್ನೊಂದು ಸಲ ಊದಿದ, ಇವನು ಇನ್ನೊಂದು ಸಲ ಹಾಡಿದ. ಮುಗಿದಾಗ ಗಡ್ಡದವನು, “ಯಾವ ಟೀಮು ತಾತ ಇದು?” ಎಂದು ಕೇಳಿದ. ನಿನ್ನಪ್ಪ ಎದೆಯುಬ್ಬಿಸಿ, “ಸರಿ” ಅಂದ. ನಕ್ಕೂ ನಕ್ಕೂ ನನಗೆ ಅಳು ಬಂತು. ಐದು ತಿಂಗಳ ಮೇಲೆ ಅವನ ಹಳೆಯ ದನಿ ಕೇಳಿದೆನೋ, ಎಷ್ಟು ಖುಷಿಯಾಯಿತು ಅಂದರೆ ಆ ಹೂವನ್ನೂ ತಿಂದುಬಿಟ್ಟೆ.

ಬಿಸಿಲಿಗೆ ಟೋಪಿ ಹಾಕಿಕೋ, ನಿನಗೆ ಒಳ್ಳೆಯದಾಗಲಿ. ಟೇಗನ್ ನಿನ್ನ ಬೆನ್ನಿಗೊಂದು ಗುದ್ದು ಕಳಿಸಿದ್ದಾಳೆ.

ನಿನ್ನ ಅಮ್ಮ,
ಗ್ಲೆನಿಸ್

ತಾ.ಕ.: ಹೇಳಬೇಕಾದದ್ದನ್ನೇ ಬಿಟ್ಟೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಫೋನ್ ಬಡಿದುಕೊಂಡಾಗಲೆಲ್ಲ ಅವನು ಕೈ ಚಾಚುತ್ತಾನೆ. ಬರುವ ಭಾನುವಾರ ಹನ್ನೊಂದಕ್ಕೆ ಫೋನ್ ಮಾಡು, ನೇರ ಅವನ ಕೈಗೇ ಕೊಡುತ್ತೇನೆ. ಹೇಗಿದ್ದೀಯಪ್ಪಾ ಎಂದು ಮಾತ್ರ ಕೇಳಬೇಡ. ಕ್ಲಬ್ಬಿನ ಹಾಡಿನ ಮೊದಲ ಸಾಲು ನೀನು ಹಾಡು.