ಬೆಕ್ಕಿನ ಮರಳಿಗೆ ಹಿಡಿದ ಜರಡಿ

ಧಾನ್ಯ ಉಗ್ರಾಣದ ಮುಖ್ಯಾಧಿಕಾರಿಗಳೇ,

ನನ್ನ ಮಗಳ ಬಲಗಣ್ಣು ಕಾಣುವುದಿಲ್ಲ. ಎಡಗಣ್ಣಿನ ಅಕ್ಷಿಪಟಲದ ಅಂಚಿನಲ್ಲೂ ಗಾಯದ ಕಲೆ ಇದೆ. ಕಳೆದ ಮಂಗಳವಾರ ಇದನ್ನು ತಿಳಿಸಿದವರು ಮಕ್ಕಳ ಕಣ್ಣಿನ ವೈದ್ಯೆ. ಕಾರಣ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ. ನಾನು ಬಸುರಿಯಾಗಿದ್ದಾಗ ನನಗೆ ತಗುಲಿದ ಸೋಂಕು ಮಾಸು ದಾಟಿ ಅವಳನ್ನು ಮುಟ್ಟಿದೆ. ಅವಳಿಗಿನ್ನೂ ಐದು ತಿಂಗಳು.

ಆಗ ನಾನು ನಿಮ್ಮ ಉಗ್ರಾಣದಲ್ಲಿ ಏನು ಮಾಡುತ್ತಿದ್ದೆ ಎಂಬುದು ತಮಗೆ ಗೊತ್ತಿರಬೇಕು. ಆ ಕೆಲಸಕ್ಕೆ ನನ್ನನ್ನು ಹಾಕಿದ್ದು ತಮ್ಮದೇ ಆದೇಶ. ಇಲಿ ಹಿಡಿಯಲು ಬೆಕ್ಕುಗಳನ್ನು ಸಾಕಿದ್ದೀರಿ. ಅವು ಕಾಳಿನ ರಾಶಿ ಕೆಡಿಸದಿರಲೆಂದು ಗೋಡೆಯುದ್ದಕ್ಕೂ ಮರಳಿನ ತೊಟ್ಟಿ ಇಟ್ಟಿದ್ದೀರಿ. ಬೇರೆಯವರಾದರೆ ಹೊಲಸಾದ ಮರಳನ್ನು ಆಚೆ ಸುರಿಯುತ್ತಾರೆ. ನಮ್ಮದು ಧಾನ್ಯದವರ ಬುದ್ಧಿ, ಕಂಡದ್ದಕ್ಕೆಲ್ಲ ಜರಡಿ ಹಿಡಿಯಬೇಕು. ವಾರವಿಡೀ ಬೆಕ್ಕು ಬಳಸಿದ ಮರಳನ್ನು ಒಣಗಿಸಿ, ಕಾಳು ಸೋಸಿದಂತೆ ಸೋಸಿ, ಗಟ್ಟಿಯನ್ನು ಎಸೆದು ನಯವಾದದ್ದನ್ನು ಮತ್ತೆ ತೊಟ್ಟಿಗೆ ತುಂಬುತ್ತೇವೆ. ನೆರಳಲ್ಲಿ ಕುಳಿತು ಮಾಡುವ ಕೆಲಸವಲ್ಲವೇ? ಹಾಗಾಗಿ ಅದು ಬಸುರಿಯರಿಗೆ ಮೀಸಲು. ತಮ್ಮ ಆದೇಶದಲ್ಲಿ ಅದರ ಹೆಸರು ‘ಹಗುರ ಕೆಲಸ’.

"ಮೂಟೆ ಕಡೆ ತಲೆ ಹಾಕ್ಬೇಡ ತಾಯಿ, ಆರಾಮಾಗಿ ಕೂತ್ಕೊಂಡು ಜರಡಿ ಆಡ್ಸು. ತವರುಮನೇಲೂ ಇಷ್ಟು ಸುಖ ಸಿಗಲ್ಲ" ಎಂದಿದ್ದರು ಮೇಸ್ತ್ರಿ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಮೂಟೆಗಳನ್ನು ತಕ್ಕಡಿಗೆ ಎತ್ತಿಡುವ ಹುಡುಗಿಯನ್ನು ನಾವು ಚೂಟಿ ಎಂದು ಕರೆಯುತ್ತೇವೆ. ಅವಳಂತೂ "ಅಕ್ಕ ಬೆಕ್ಕಿನ ದರ್ಬಾರಿಗೆ ಹೊರಟ್ಲು, ದಾರಿ ಬಿಡ್ರೋ!" ಎಂದು ಕೂಗಿದಳು. ಎಲ್ಲರ ಜೊತೆ ನಾನೂ ನಕ್ಕೆ. ನಯವಾದ ದೂಳು ಕೈಗೆ, ತುಟಿಗೆ, ಊಟದ ಡಬ್ಬಿಯ ಮುಚ್ಚಳಕ್ಕೆ ಕೂರುತ್ತಿತ್ತು. ನಡುವೆ ಒಮ್ಮೆ ಸಣ್ಣ ಜ್ವರ ಬಂತು, ಕತ್ತಿನಲ್ಲಿ ಗಂಟು ಕಾಣಿಸಿತು. ಚಳಿಗಾಳಿಗೆ ಎಂದುಕೊಂಡೆವು. ರಕ್ತ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ.

ಇಲಿ ತಿಂದ ಬೆಕ್ಕಿಗೆ ಈ ಸೋಂಕು ತಗುಲಬಹುದು, ಅದರ ಮಲದಲ್ಲಿ ರೋಗಾಣು ಹೊರಬರಬಹುದು ಎಂದು ವೈದ್ಯೆ ವಿವರಿಸಿದರು. ಹೊರಬಿದ್ದ ದಿನವೇ ಅದು ಅಂಟುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ಅಂಟುತ್ತದೆ. ಅದಕ್ಕೇ ಹೊಲಸನ್ನು ದಿನವೂ ಎಸೆಯಬೇಕು, ಅದೂ ಬಸುರಿಯಲ್ಲದವರು. ನಾವು ವಾರವಿಡೀ ಕಾಯುತ್ತಿದ್ದೆವು!

ಮಗುವಿನ ಕಣ್ಣಿನ ತೊಂದರೆಯನ್ನು ಮೊದಲು ಕಂಡುಹಿಡಿದದ್ದು ನನ್ನ ಅತ್ತೆ. "ಇದೂ ಅವ್ವನ ಥರಾನೇ ಕಣೋ, ನಾನು ಮಾತಾಡ್ಸಿದ್ರೆ ಮುಖ ಕೊಟ್ಟು ನೋಡಲ್ಲ" ಎಂದು ನನ್ನ ಗಂಡನ ಮುಂದೆ ಚುಚ್ಚಿ ನಗುತ್ತಿದ್ದರು. ಒಂದು ಬೆಳಗ್ಗೆ ಮಗುವಿನ ಬಲಗಡೆ ಚಮಚ ಹಿಡಿದು, ಸದ್ದು ಮಾಡದೆ ಆಡಿಸಿದರು. ಮಗು ಕದಲಲಿಲ್ಲ. ಎಡಗಡೆ ಆಡಿಸಿದರು, ತಿರುಗಿತು. ಅತ್ತೆ ಚಮಚ ಕೆಳಗಿಟ್ಟು, "ಬಟ್ಟೆ ಹಾಕೊಳ್ಳೇ, ಆಸ್ಪತ್ರೆಗೆ ಹೋಗೋಣ" ಎಂದರು. ಅಲ್ಲಿಂದೀಚೆಗೆ ಅವರು ನನ್ನನ್ನು ಒಂದು ಮಾತೂ ಚುಚ್ಚಿಲ್ಲ. ಚುಚ್ಚಿದ್ದರೇ ಚೆನ್ನಾಗಿತ್ತು.

ತಮ್ಮ ಕಚೇರಿಗೂ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು, "ಬೆಕ್ಕಿಂದಾನೇ ಬಂತು ಅಂತ ಏನಮ್ಮ ಸಾಕ್ಷಿ? ಸೊಪ್ಪು ತೊಳೀದೆ ತಿಂದಿರ್ತೀಯ" ಎಂದರು. ಸಾಕ್ಷಿ ಇಲ್ಲ, ಒಪ್ಪುತ್ತೇನೆ. ತೊಳೆಯದ ಸೊಪ್ಪಿನಿಂದಲೂ ಅರೆಬೆಂದ ಮಾಂಸದಿಂದಲೂ ಇದು ಬರುತ್ತದೆ. ಎಲ್ಲಿಂದ ಬಂತೆಂದು ವೈದ್ಯೆಯೂ ಖಚಿತವಾಗಿ ಹೇಳಲಿಲ್ಲ. "ಆದ್ರೆ ಬಸುರಿ ಕೈಗೆ ಆ ಮರಳು ಕೊಟ್ಟ ಪುಣ್ಯಾತ್ಮರು ಯಾರು?" ಎಂದು ಮಾತ್ರ ಕೇಳಿದರು. ನಾನು ತಮ್ಮ ಹುದ್ದೆ ಹೇಳಿದೆ. ಮುಂದಿನವಳ ಮಗುವೂ ಕಣ್ಣು ಕಳೆದುಕೊಂಡರೆ ಆಗ ಸಾಕ್ಷಿ ಸಾಲುತ್ತದೆಯೇ?

ಮುಂದಿನವಳು ಚೂಟಿ. ಅವಳಿಗೀಗ ಮೂರು ತಿಂಗಳು. ನಿನ್ನೆ ಮನೆಗೆ ಬಂದು ಮಗುವನ್ನು ಎತ್ತಿಕೊಂಡಳು, ಹಾಸ್ಯ ಮಾಡಲಿಲ್ಲ. "ಜರಡಿ ಬೇಡ ಅಂದ್ರೆ ಮೂಟೆ ಎತ್ತು ಅಂತಾರಕ್ಕ. ಮೂಟೆ ಎತ್ತಿ ಹೋದ ವರ್ಷ ಒಂದು ಕಳ್ಕೊಂಡೆ. ಯಾವ್ದು ಮಾಡ್ಲಿ, ನೀನೇ ಹೇಳು" ಎಂದಳು. ತಾವು ಹೇಳಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕು ಯಾರೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಬೆಕ್ಕುಗಳನ್ನು ಓಡಿಸಿ ಎನ್ನುತ್ತಿಲ್ಲ. ಅವು ತಮ್ಮ ಕೆಲಸ ಮಾಡುತ್ತಿವೆ. ಹಗುರ ಕೆಲಸದಿಂದ ಮರಳಿನ ಜರಡಿಯನ್ನು ತೆಗೆದುಹಾಕಿ. ಬಸುರಿಯರನ್ನು ಚೀಲ ಹೊಲಿಯುವ ಕಡೆ ಕೂರಿಸಿ. ಅವರ ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಕೊಡಲು ಔಷಧಿ ಇದೆಯಂತೆ. ನನ್ನ ಮಗಳಿಗೂ ವರ್ಷವಿಡೀ ಔಷಧಿ ನಡೆಯುತ್ತದೆ, ಉಳಿದ ಕಣ್ಣನ್ನು ಉಳಿಸಲು. ಹೋದದ್ದನ್ನು ತಮ್ಮಿಂದ ಕೇಳುತ್ತಿಲ್ಲ. ಕಾಲಿಗೆ ಬೀಳಬೇಕೆಂದರೆ ಅದಕ್ಕೂ ಬರುತ್ತೇನೆ, ಯಾವ ಬಾಗಿಲಿಗೆ ಬರಬೇಕು ಹೇಳಿ. ತಮ್ಮ ಒಂದು ಸಾಲಿನ ಆದೇಶ ಸಾಕು.

ಬರುವ ಸೋಮವಾರ ಬೆಳಗಿನ ಪಾಳಿಯಿಂದ ಚೂಟಿಯನ್ನು ಹಗುರ ಕೆಲಸಕ್ಕೆ ಹಾಕಲಾಗಿದೆ.

ಇಂತಿ,
ತಮ್ಮ ಹಗುರ ಕೆಲಸ ಮುಗಿಸಿ ಮನೆಗೆ ಬಂದವಳು